ಮಹಾವೀರಾಚಾರ್ಯ: ಉದ್ದೇಶಕಗಳಲ್ಲಿ ಉಳಿದ ಬದುಕು

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲವನ್ನು (ಸು. 814-878) ಕನ್ನಡ ಸಾಹಿತ್ಯ ಚರಿತ್ರೆಯು ಮುಖ್ಯವಾಗಿ ‘ಕವಿರಾಜಮಾರ್ಗ’ದ ಮೂಲಕ ಗುರುತಿಸುತ್ತದೆ. ಅದೇ ಕಾಲದಲ್ಲಿ, ಸು. 850ರಲ್ಲಿ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಜೈನ ವಿದ್ವಾಂಸ ಮಹಾವೀರಾಚಾರ್ಯನ ಪ್ರಸ್ತಾಪ ಒಂದೆರಡು ವಾಕ್ಯಗಳಲ್ಲಿ ಮುಗಿಯುವುದುಂಟು. ಭಾಷೆ ಸಂಸ್ಕೃತ, ವಿಷಯ ಗಣಿತ ಎಂಬ ಕಾರಣಗಳಿಂದ ಆತ ಸಾಹಿತ್ಯಾಭ್ಯಾಸಿಗಳ ಪರಿಧಿಯಿಂದ ಹೊರಗುಳಿದಿದ್ದಾನೆ.

ಮಹಾವೀರಾಚಾರ್ಯನ ಜೀವನಚರಿತ್ರೆಗೆ ಆತನ ಗ್ರಂಥವೇ ಮುಖ್ಯ ಆಕರ. ಆರಂಭದಲ್ಲಿ ಆತ ಸಂಖ್ಯಾಜ್ಞಾನದಿಂದ ಜಗತ್ತನ್ನು ಬೆಳಗಿದ ಜಿನ ಮಹಾವೀರನಿಗೆ ವಂದಿಸಿ, ನೃಪತುಂಗನ ಆಳ್ವಿಕೆಯನ್ನು ಕೊಂಡಾಡುತ್ತಾನೆ. ಅನಂತರ ಗಣಿತದ ಉಪಯೋಗಗಳನ್ನು ಹೇಳುವಾಗ ಸಂಗೀತ, ನಾಟ್ಯ, ಪಾಕಶಾಸ್ತ್ರ, ವೈದ್ಯ, ವಾಸ್ತುಗಳೊಡನೆ ಛಂದಸ್ಸು, ಅಲಂಕಾರ, ಕಾವ್ಯ, ವ್ಯಾಕರಣಗಳನ್ನೂ ಸೇರಿಸುತ್ತಾನೆ. ಗಣಿತವನ್ನು ಜ್ಯೋತಿಷದ ಅಂಗವಾಗಿಯಲ್ಲದೆ ಸ್ವತಂತ್ರ ಶಾಸ್ತ್ರವಾಗಿ ನಿರೂಪಿಸಿದುದು ಆತನ ವಿಶಿಷ್ಟ ಸಾಧನೆ.

ಈ ಗ್ರಂಥವು ಸೂತ್ರ ಮತ್ತು ಉದ್ದೇಶಕಗಳ ಕ್ರಮದಲ್ಲಿ ಸಾಗುತ್ತದೆ. ಸೂತ್ರವು ವಿಧಾನವನ್ನು ಹೇಳಿದರೆ, ಉದ್ದೇಶಕವು ಅದನ್ನು ಲೋಕವ್ಯವಹಾರದ ಸನ್ನಿವೇಶದಲ್ಲಿ ಪ್ರಶ್ನೆಯಾಗಿ ಒಡ್ಡುತ್ತದೆ. ಇಂದು ಏಕಕಾಲಿಕ ರೇಖಾತ್ಮಕ ಸಮೀಕರಣಗಳೆಂದು ಕರೆಯುವ ಲೆಕ್ಕಗಳು ಮಿಶ್ರಕವ್ಯವಹಾರದ ಭಾಗದಲ್ಲಿವೆ. 9 ಮಾದಲ ಹಣ್ಣು ಮತ್ತು 7 ಬೇಲದ ಹಣ್ಣುಗಳ ಒಟ್ಟು ಬೆಲೆ 107. 7 ಮಾದಲ ಮತ್ತು 9 ಬೇಲದ ಹಣ್ಣುಗಳ ಬೆಲೆ 101. ಹಾಗಾದರೆ ಒಂದೊಂದರ ಬೆಲೆಯೆಷ್ಟು ಎಂಬುದು ಅಂಥದೊಂದು ಪ್ರಶ್ನೆ.

ಸೂತ್ರದಂತೆ ಹೆಚ್ಚಿನ ಬೆಲೆಯನ್ನು ಹೆಚ್ಚಿನ ಸಂಖ್ಯೆಯಿಂದ ಗುಣಿಸಿದರೆ 963, ಕಡಿಮೆ ಬೆಲೆಯನ್ನು ಕಡಿಮೆ ಸಂಖ್ಯೆಯಿಂದ ಗುಣಿಸಿದರೆ 707. ಈಗ ಎರಡು ಕಡೆಯೂ ಬೇಲದ ಹಣ್ಣುಗಳು 63 ಆಗುವುದರಿಂದ, ಒಂದರಿಂದ ಇನ್ನೊಂದನ್ನು ಕಳೆದಾಗ ಅವು ಲೋಪವಾಗುತ್ತವೆ. ಉಳಿದ 256ನ್ನು 9 ಮತ್ತು 7ರ ವರ್ಗಗಳ ಅಂತರವಾದ 32ರಿಂದ ಭಾಗಿಸಿದರೆ ಮಾದಲದ ಬೆಲೆ 8. ಗುಣಕಗಳನ್ನು ಅದಲುಬದಲು ಮಾಡಿದರೆ 909ರಿಂದ 749 ಕಳೆದು 160. ಅದನ್ನು 32ರಿಂದ ಭಾಗಿಸಿದರೆ ಬೇಲದ ಬೆಲೆ 5. ಚರಾಕ್ಷರಗಳಿಲ್ಲದೆ, ಕೇವಲ ಮಾತಿನಲ್ಲಿ ಹೇಳಿದ ಈ ವಿಧಾನವು ಇಂದಿನ ವರ್ಜನ ವಿಧಾನವೇ ಆಗಿದೆ.

ಇನ್ನೊಂದು ಉದ್ದೇಶಕದಲ್ಲಿ ಮೂವರು ವರ್ತಕರು ದಾರಿಯಲ್ಲಿ ಹಣದ ಚೀಲವೊಂದನ್ನು ಕಾಣುತ್ತಾರೆ. ಚೀಲ ತನ್ನದಾದರೆ ತನ್ನ ಧನವು ಉಳಿದಿಬ್ಬರ ಒಟ್ಟು ಧನದ ಎರಡರಷ್ಟಾಗುವುದೆಂದು ಮೊದಲನೆಯವನೂ, ಮೂರರಷ್ಟೆಂದು ಎರಡನೆಯವನೂ, ಐದರಷ್ಟೆಂದು ಮೂರನೆಯವನೂ ಹೇಳುತ್ತಾರೆ. ಚೀಲದಲ್ಲಿ 15, ಅವರಲ್ಲಿ ಕ್ರಮವಾಗಿ 1, 3, 5 ಎಂಬುದು ಇದರ ಉತ್ತರ. ಪಾತ್ರ, ಸನ್ನಿವೇಶ, ಸ್ಪರ್ಧೆಗಳಿರುವ ಈ ಲೆಕ್ಕವು ಪುಟ್ಟ ಕಥನವೂ ಹೌದು.

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಕನ್ನಡದಲ್ಲಿ 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ರಚಿಸಿ ಜೈನ ಗಣಿತ ಪರಂಪರೆಯನ್ನು ಮುಂದುವರಿಸಿದನು. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದಸಹಿತ ಸಂಪಾದನೆ ಮದರಾಸಿನಲ್ಲಿಯೂ, 2000ದಲ್ಲಿ ಪದ್ಮಾವತಮ್ಮ ಅವರ ಕನ್ನಡ ಅನುವಾದ ಹೊಂಬುಜದಿಂದಲೂ ಪ್ರಕಟವಾದವು. ಹೀಗೆ ಪಠ್ಯವು ಕನ್ನಡದಲ್ಲಿಯೇ ದೊರೆತಿರುವಾಗ, ನೃಪತುಂಗನ ಕಾಲದ ಅಧ್ಯಯನವು ಕಾವ್ಯಮೀಮಾಂಸೆಯಷ್ಟಕ್ಕೇ ನಿಲ್ಲಬೇಕಾಗಿಲ್ಲ. ಹಣ್ಣಿನ ಬೆಲೆ, ವರ್ತಕರ ಮಾತುಗಳನ್ನು ಪದ್ಯಕ್ಕೆ ತಂದ ಮಹಾವೀರಾಚಾರ್ಯನೂ ಆ ಯುಗದ ವಾಙ್ಮಯದ ಭಾಗವೇ ಆಗಿದ್ದಾನೆ.