ಗ್ರಂಥದಾಸೋಹಿ ಶ್ರೀ ಎಸ್. ಆರ್. ರಂಗನಾಥನ್ ಅವರ ಚರಿತ್ರೆ

ಹಸಿದು ಬಂದವನಿಗೆ ಅನ್ನವನ್ನಿಕ್ಕುವುದು ದಾಸೋಹವೆಂಬುದನ್ನು ಮಠದ ಸದ್ಭಕ್ತರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಅರಿವಿಗಾಗಿ ಹಸಿದು ಬಂದವನಿಗೆ ಗ್ರಂಥವನ್ನು ನೀಡುವುದೂ ಅಂತಹುದೇ ದಾಸೋಹವೆಂಬುದನ್ನು ಮಾತ್ರ ನಾವು ಆಗಾಗ ಮರೆಯುವೆವು. ಈ ಎರಡನೆಯ ದಾಸೋಹವನ್ನೇ ತಮ್ಮ ಕಾಯಕವನ್ನಾಗಿ ಕೈಕೊಂಡು, ಅದನ್ನೊಂದು ಶಾಸ್ತ್ರವನ್ನಾಗಿ ಬೆಳೆಯಿಸಿ, ಅನೇಕ ಶಿಷ್ಯರಿಗೆ ಬೋಧಿಸಿದ ಮಹನೀಯರು ಶ್ರೀ ಶೀಯಾಳಿ ರಾಮಾಮೃತ ರಂಗನಾಥನ್ ಅವರು. ಅವರು ನಮ್ಮ ಮತಕ್ಕೆ ಸೇರಿದವರಲ್ಲವಾದರೂ ಅವರ ಬಾಳು ಕಾಯಕನಿಷ್ಠರೆಲ್ಲರಿಗೂ ಸ್ಮರಣೀಯವಾದುದು.

ರಂಗನಾಥನ್ ಅವರು 1892ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ತಂಜಾವೂರು ಜಿಲ್ಲೆಯ ಶೀಯಾಳಿಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮಾತನಾಡುವಾಗ ತೊದಲುವ ತೊಂದರೆಯೂ ಅವರಿಗಿದ್ದಿತು. ಆದರೂ ಎದೆಗುಂದದೆ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತಶಾಸ್ತ್ರವನ್ನು ಅಭ್ಯಸಿಸಿ, 1916ರಲ್ಲಿ ಎಂ. ಎ. ಪದವಿಯನ್ನು ಪಡೆದರು. 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಹೀಗೆ ಅವರ ಬೋಧನವೃತ್ತಿಯ ಮೊದಲ ವರ್ಷಗಳು ಕನ್ನಡ ನಾಡಿನ ಕರಾವಳಿಯಲ್ಲಿಯೇ ಕಳೆದುವು. ಅನಂತರ ಕೊಯಮತ್ತೂರಿನಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಗಣಿತವನ್ನು ಬೋಧಿಸಿದರು.

1924ರ ಜನವರಿಯಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದ ಪ್ರಥಮ ಗ್ರಂಥಪಾಲಕರಾಗಿ ನಿಯಮಿತರಾದರು. ಆ ಕಾಲದ ಪುಸ್ತಕ ಭಂಡಾರಕ್ಕೆ ಬರುವವರು ತೀರ ವಿರಳ. ಶಿಷ್ಯರ ನಡುವೆ ಬಾಳಿದ ಗುರುವಿಗೆ ಆ ನಿಶ್ಶಬ್ದವು ಸೆರೆವಾಸದಂತೆ ತೋರಿತು. ಕೆಲವೇ ದಿನಗಳಲ್ಲಿ ಅವರು ಹಿಂದಿನ ಕಾಲೇಜಿಗೆ ಹೋಗಿ, ತಮ್ಮನ್ನು ಮರಳಿ ಅಧ್ಯಾಪಕರನ್ನಾಗಿ ತೆಗೆದುಕೊಳ್ಳಬೇಕೆಂದು ಬೇಡಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಗ್ರಂಥಾಲಯ ವಿದ್ಯೆಯನ್ನು ಕಲಿತು ಬರಬೇಕೆಂದೂ, ಆಮೇಲೆಯೂ ಮನಸ್ಸು ಒಪ್ಪದಿದ್ದರೆ ಹಿಂದಿರುಗಬಹುದೆಂದೂ ಹಿರಿಯರು ಸಮಾಧಾನ ಹೇಳಿದರು.

ಆ ಯಾತ್ರೆಯೇ ಅವರ ಜೀವನವನ್ನು ತಿರುಗಿಸಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬರ್ವಿಕ್ ಸೇಯರ್ಸ್ ಎಂಬ ಆಚಾರ್ಯರ ಬಳಿ ಅವರು ಅಧ್ಯಯನ ಮಾಡಿದರು. ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸಂದರ್ಶಿಸಿದರು. ಅಲ್ಲಿ ಕೂಲಿಕಾರನೂ ಬಾಲಕನೂ ಗೃಹಿಣಿಯೂ ಸಂಕೋಚವಿಲ್ಲದೆ ಪುಸ್ತಕವನ್ನು ಪಡೆಯುವುದನ್ನು ಕಂಡಾಗ, ತಮ್ಮ ದೇಶದ ಅಜ್ಞಾನವನ್ನು ಕಳೆಯಲು ಇದೇ ಸಾಧನವೆಂಬ ನಿಶ್ಚಯವು ಅವರಲ್ಲಿ ಮೂಡಿತು. 1925ರಲ್ಲಿ ಹಿಂದಿರುಗಿದ ಮೇಲೆ ಗಣಿತದ ಪೀಠವನ್ನು ಅವರು ಮತ್ತೆ ಬಯಸಲಿಲ್ಲ.

ಮದರಾಸಿನ ಭಂಡಾರದಲ್ಲಿ ಓದುಗರು ಕಪಾಟಿನ ಬಳಿಗೆ ತಾವೇ ಹೋಗಿ ಗ್ರಂಥಗಳನ್ನು ಆರಿಸಿಕೊಳ್ಳುವ ಪದ್ಧತಿಯನ್ನು ಅವರು ನೆಲೆಗೊಳಿಸಿದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘವು ಸ್ಥಾಪಿತವಾಯಿತು. 1931ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಪಂಚಸೂತ್ರಗಳನ್ನು ಪ್ರತಿಪಾದಿಸಿದರು. ಗ್ರಂಥವಿರುವುದು ಬಳಕೆಗೇ ಹೊರತು ಕಾಪಿಟ್ಟುಕೊಳ್ಳುವುದಕ್ಕಲ್ಲ. ಓದುಗನೊಬ್ಬನಿಗೂ ಅವನಿಗೆ ತಕ್ಕ ಗ್ರಂಥವು ತಪ್ಪಬಾರದು. ಗ್ರಂಥವೊಂದಕ್ಕೂ ಅದಕ್ಕೆ ತಕ್ಕ ಓದುಗನು ಇಲ್ಲವಾಗಬಾರದು. ಬಂದವನ ವೇಳೆಯನ್ನು ವ್ಯರ್ಥಗೊಳಿಸಬಾರದು. ಜೀವವುಳ್ಳ ಸಸಿಯಂತೆ ಭಂಡಾರವು ಬೆಳೆಯುತ್ತಲೇ ಇರಬೇಕು. ಇದೇ ಅವುಗಳ ತಾತ್ಪರ್ಯವು. ಅದೇ ವರ್ಷ ಮನ್ನಾರ್ಗುಡಿಯ ಸುತ್ತಣ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳನ್ನೊಯ್ಯುವ ಏರ್ಪಾಡಿಗೂ ಅವರು ಬೆಂಬಲವಿತ್ತರು.

ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕಾನೋ ಎಂಬ ಆಟಿಕೆಯ ಕೆಲವೇ ತುಂಡುಗಳಿಂದ ಬಗೆಬಗೆಯ ಆಕೃತಿಗಳನ್ನು ಕಟ್ಟುವುದನ್ನು ಅವರು ನೋಡಿದ್ದರು. ವಿಷಯಗಳನ್ನೂ ಹಾಗೆಯೇ ಬಿಡಿಸಿ ಜೋಡಿಸಬಹುದೆಂದು ಅವರಿಗೆ ಹೊಳೆಯಿತು. ಬತ್ತದ ರೋಗವನ್ನು ಕುರಿತ ಪುಸ್ತಕವೆಂದರೆ, ಕೃಷಿ, ಬತ್ತ, ರೋಗ ಎಂಬ ಅಂಗಗಳನ್ನು ಬೇರೆಬೇರೆಯಾಗಿ ಗುರುತಿಸಿ, ಮೇಲೊಂದು ಕೆಳಗೊಂದು ಚುಕ್ಕೆಯ ಚಿಹ್ನೆಯಿಂದ ಕೂಡಿಸುವ ಕ್ರಮವದು. ಕೋಲನ್ ವರ್ಗೀಕರಣವೆಂಬ ಹೆಸರಿನಿಂದ 1933ರಲ್ಲಿ ಪ್ರಕಟವಾದ ಈ ಪದ್ಧತಿಯು ಅವರಿಗೆ ಲೋಕಮಾನ್ಯತೆಯನ್ನು ತಂದಿತು.

ಆದರೆ ಗುರುವಾದವನು ಶಿಷ್ಯರಿಲ್ಲದೆ ಪೂರ್ಣನಾಗನು. 1929ರಲ್ಲಿ ಸಂಘದ ಆಶ್ರಯದಲ್ಲಿ ಅವರು ಆರಂಭಿಸಿದ ಶಿಕ್ಷಣವರ್ಗವನ್ನು 1931ರಲ್ಲಿ ವಿಶ್ವವಿದ್ಯಾನಿಲಯವು ವಹಿಸಿಕೊಂಡಿತು. 1937ರಲ್ಲಿ ಅದು ಪದವೀಧರರ ಡಿಪ್ಲೊಮಾ ವ್ಯಾಸಂಗವಾಯಿತು. 1945ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋಗಿ ಒಂದು ಲಕ್ಷದಷ್ಟು ಗ್ರಂಥಗಳನ್ನು ಸ್ವತಃ ವರ್ಗೀಕರಿಸಿದರು. 1947ರಿಂದ ದೆಹಲಿಯಲ್ಲಿ ಬೋಧಿಸುತ್ತ, ಈ ಶಾಸ್ತ್ರಕ್ಕೆ ಉನ್ನತ ಪದವಿಗಳ ಗೌರವವನ್ನು ದೊರಕಿಸಿದರು. 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಶಾಸನವು ಅವರ ಬಹುಕಾಲದ ಪ್ರಯತ್ನದ ಫಲವು. ಇಷ್ಟಾದರೂ ಸ್ವಂತ ಸುಖಕ್ಕಾಗಿ ಅವರು ಧನಸಂಗ್ರಹ ಮಾಡಲಿಲ್ಲ. ಮಿತವ್ಯಯದಿಂದ ಉಳಿಸಿದ ಒಂದು ಲಕ್ಷ ರೂಪಾಯಿಗಳನ್ನು, ತಮ್ಮ ಧರ್ಮಪತ್ನಿ ಶಾರದೆಯವರ ಹೆಸರೂ ಸೇರಿದ ಪ್ರಾಧ್ಯಾಪಕ ಪೀಠವೊಂದರ ಸ್ಥಾಪನೆಗಾಗಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಅರ್ಪಿಸಿದರು.

ಕಡೆಯ ವರ್ಷಗಳಲ್ಲಿ ಅವರು ಬೆಂಗಳೂರನ್ನು ವಾಸಸ್ಥಾನವನ್ನಾಗಿ ಮಾಡಿಕೊಂಡುದು ನಮ್ಮ ನಾಡಿನ ಭಾಗ್ಯವು. 1962ರಲ್ಲಿ, 70ರ ವಯಸ್ಸಿನಲ್ಲಿ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ ಪ್ರಲೇಖನ ಸಂಶೋಧನ ಮತ್ತು ಶಿಕ್ಷಣ ಕೇಂದ್ರವನ್ನು ಅಲ್ಲಿ ಸ್ಥಾಪಿಸಿದರು. 1965ರ ಗ್ರಂಥಾಲಯ ಶಾಸನವು ನಮ್ಮ ರಾಜ್ಯದಲ್ಲಿ ಜಾರಿಗೆ ಬರುವುದಕ್ಕೂ ಅವರ ಶ್ರಮವು ಕಾರಣವಾಯಿತು. ಅದೇ ವರ್ಷ ಭಾರತ ಸರಕಾರವು ಅವರನ್ನು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರನ್ನಾಗಿ ನಿಯಮಿಸಿತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿಯೇ ಅವರು ದೇಹವನ್ನು ಬಿಟ್ಟರು. ಆಗಸ್ಟ್ 12ನೆಯ ದಿನವನ್ನು ಗ್ರಂಥಪಾಲಕರ ದಿನವೆಂದು ದೇಶವು ಆಚರಿಸುತ್ತಿದೆ.

ಭಕ್ತರೇ, ನಮ್ಮ ಹಿರಿಯರು ಶರಣರ ವಚನಗಳನ್ನು ಓಲೆಗರಿಗಳಲ್ಲಿ ಬರೆದು, ಬಟ್ಟೆಯಲ್ಲಿ ಕಟ್ಟಿ, ತಲೆತಲಾಂತರದಿಂದ ಕಾಪಾಡಿದರು. ಅವರ ಋಣವು ದೊಡ್ಡದು. ಆದರೆ ಕಟ್ಟು ಬಿಚ್ಚದೆ ಪೂಜೆಗೊಳ್ಳುವ ಓಲೆಯಿಂದ ಓದಬಯಸುವ ಬಾಲಕನ ಹಸಿವು ತೀರದು. ಪೂಜೆಯ ಭಕ್ತಿಯೊಡನೆ ಬಳಕೆಯ ವಿವೇಕವೂ ಸೇರಬೇಕು. ಈ ಮಹೋತ್ಸವದ ಶುಭಕಾಲದಲ್ಲಿ, ಅನ್ನದಾಸೋಹದ ಬಾಗಿಲಿನಂತೆ ಗ್ರಂಥದಾಸೋಹದ ಬಾಗಿಲೂ ಸರ್ವರಿಗೂ ತೆರೆದಿರುವಂತೆ ನೋಡಿಕೊಳ್ಳುವ ಸಂಕಲ್ಪವನ್ನು ನಾವು ಮಾಡಿದೆವಾದರೆ, ಅದೇ ಆ ಕಾಯಕಯೋಗಿಗೆ ಸಲ್ಲತಕ್ಕ ಗೌರವವು. ಗುರುಕೃಪೆಯು ಆ ಶಕ್ತಿಯನ್ನು ನಮಗೆ ಕರುಣಿಸಲಿ.