ಹಾರಲು ಕಲಿಸುತ್ತಿದ್ದ ದೇವಯ್ಯ ಮತ್ತು ಹಾರುವ ಕನಸಿನ ಬೆಲೆ

ಅಟ್ಟೂರಿನಲ್ಲಿ ಮನೆ ಮಾಡಿದವರಿಗೆ ವಿಮಾನದ ಸದ್ದು ಹೊಸದೇನಲ್ಲ. ಹತ್ತಿರದಲ್ಲೇ ಯಲಹಂಕ ವಾಯುನೆಲೆ, ಇನ್ನೊಂದು ಕಡೆ ಸ್ವಲ್ಪ ದೂರಕ್ಕೆ ಜಕ್ಕೂರಿನ ಪುಟ್ಟ ಏರೋಡ್ರೋಮ್. ಏರೋ ಇಂಡಿಯಾ ಬಂದಾಗ ಬಡಾವಣೆಯ ತಾರಸಿಗಳೆಲ್ಲ ಗ್ಯಾಲರಿಗಳಾಗುತ್ತವೆ. ಆದರೆ ಶೋ ಮುಗಿದ ಮೇಲೂ ನಡೆಯುವ ಕೆಲಸವೊಂದಿದೆ, ಅದು ಪಾಠ. ವಾಯುಪಡೆಯ ಸಾಗಣೆ ವಿಮಾನಗಳ ಪೈಲಟ್‌ಗಳು ತಯಾರಾಗೋದು ಯಲಹಂಕದಲ್ಲಿ. ರಾಜ್ಯ ಸರ್ಕಾರದ ಹಾರಾಟ ತರಬೇತಿ ಶಾಲೆ ಇರೋದು ಜಕ್ಕೂರಿನಲ್ಲಿ.

ಹಾಗಾಗಿ ಪಿಯುಸಿ ಓದುವ ಹುಡುಗ ಹುಡುಗಿಯರು ನನ್ನನ್ನು ಆಗಾಗ ಕೇಳುವ ಪ್ರಶ್ನೆ: ಪೈಲಟ್ ಆಗೋಕೆ ಏನು ಮಾಡಬೇಕು? ಪರೀಕ್ಷೆಗಳ ಹೆಸರು ಹೇಳಿ ಕಳಿಸಿಬಿಡಬಹುದು. ಆದರೆ ಅದಕ್ಕೂ ಮೊದಲು ಅವರಿಗೆ ಒಬ್ಬ ಮನುಷ್ಯನ ಕಥೆ ಹೇಳಬೇಕು ಅನ್ನಿಸುತ್ತದೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. 2025ರಲ್ಲಿ ಬಂದ ಹಿಂದಿ ಸಿನಿಮಾ 'ಸ್ಕೈ ಫೋರ್ಸ್' ಬೇರೆ ಹೆಸರಿಟ್ಟು ಹೇಳಿದ್ದೂ ಅವರ ಕಥೆಯನ್ನೇ. ವೃತ್ತಕ್ಕೂ ಸಿನಿಮಾಗೂ ಬೇಕಾಗಿದ್ದು ಅವರ ಬದುಕಿನ ಕೊನೆಯ ಕೆಲವು ನಿಮಿಷ ಮಾತ್ರ. ಅದರ ಹಿಂದಿನ ಹತ್ತು ವರ್ಷ ಯಾರಿಗೂ ಅಷ್ಟಾಗಿ ಬೇಕಾಗಿಲ್ಲ. ನನಗೆ ಮುಖ್ಯ ಅನ್ನಿಸೋದು ಆ ಹತ್ತು ವರ್ಷ.

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. ಆಗ ಕೊಡಗು ಬ್ರಿಟಿಷರ ನೇರ ಆಡಳಿತದಲ್ಲಿದ್ದ ಸಣ್ಣ ಪ್ರಾಂತ್ಯ. ಅವರು ವಾಯುಪಡೆಯ ಅಧಿಕಾರಿಯಾದದ್ದು 1954ರಲ್ಲಿ. ಆಗಲೂ ಕೊಡಗು ಪ್ರತ್ಯೇಕ ರಾಜ್ಯವೇ ಆಗಿತ್ತು, ಮೈಸೂರಿನ ಜೊತೆ ಸೇರಿದ್ದು 1956ರಲ್ಲಿ. ಇವತ್ತಿಗೂ ರೈಲು ಕಾಣದ, ವಿಮಾನ ನಿಲ್ದಾಣವಿಲ್ಲದ ಜಿಲ್ಲೆ ಅದು. ಅಂಥ ಜಾಗದ ಹುಡುಗನೊಬ್ಬ ಇಪ್ಪತ್ತೊಂದನೇ ವಯಸ್ಸಿಗೆ ಪೈಲಟ್ ಆದ ಅಂದರೆ, ಅದರಲ್ಲಿ ಅವನ ಆಸೆ ಎಷ್ಟಿತ್ತೋ ಸರ್ಕಾರದ ದುಡ್ಡೂ ಅಷ್ಟೇ ಇತ್ತು. ವಾಯುಪಡೆ ಆಯ್ಕೆ ಮಾಡಿತು, ಊಟ ಹಾಕಿತು, ಇಂಧನ ಸುಟ್ಟು ಕಲಿಸಿತು. ಕಲಿಯುವವನ ಮನೆಯ ಮೇಲೆ ಸಾಲದ ಹೊರೆ ಬೀಳಲಿಲ್ಲ.

ಅಲ್ಲಿಂದ ದೇವಯ್ಯ ಹೋಗಿ ತಲುಪಿದ್ದು ಬೋಧಕನ ಸೀಟಿಗೆ. 1965ರಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ಅವರು ವಾಯುಪಡೆಯ ಹಾರಾಟ ಶಾಲೆಯಲ್ಲಿ ಮೇಷ್ಟ್ರು. ಹಾರಾಟದ ಮೇಷ್ಟ್ರ ಕೆಲಸ ಹೇಗಿರುತ್ತೆ ಅಂತ ಒಂದು ಕ್ಷಣ ಯೋಚಿಸಿ. ವಿಮಾನಕ್ಕೆ ಎರಡು ಜೊತೆ ಕಂಟ್ರೋಲ್. ಒಂದು ಕಲಿಯುವವನ ಕೈಯಲ್ಲಿ, ಇನ್ನೊಂದು ಕಲಿಸುವವನ ಕೈಯಳತೆಯಲ್ಲಿ. ವಿದ್ಯಾರ್ಥಿ ತಪ್ಪು ಮಾಡುತ್ತಾನೆ. ತಕ್ಷಣ ಕಿತ್ತುಕೊಂಡರೆ ಅವನು ಕಲಿಯಲ್ಲ, ತಡ ಮಾಡಿದರೆ ಇಬ್ಬರೂ ಉಳಿಯಲ್ಲ. ಆ ನಡುವಿನ ಒಂದೆರಡು ಸೆಕೆಂಡಿನ ಅಂದಾಜೇ ಬೋಧಕನ ವಿದ್ಯೆ. ಅದನ್ನು ಕಲಿಸೋಕೆ ಅಂತಲೇ ವಾಯುಪಡೆಯಲ್ಲಿ ಪ್ರತ್ಯೇಕ ಶಾಲೆಯಿದೆ. 1948ರಲ್ಲಿ ಅಂಬಾಲಾದಲ್ಲಿ ಶುರುವಾಗಿ, 1954ರಿಂದ ಚೆನ್ನೈ ಪಕ್ಕದ ತಾಂಬರಂನಲ್ಲಿದೆ. ಚೆನ್ನಾಗಿ ಹಾರಿಸುವವರೆಲ್ಲ ಚೆನ್ನಾಗಿ ಕಲಿಸಲಾರರು ಅನ್ನೋದು ಅವರಿಗೆ ಅಷ್ಟು ಹಿಂದೆಯೇ ಗೊತ್ತಿತ್ತು.

ಯುದ್ಧ ಬಂದಾಗ ಈ ಮೇಷ್ಟ್ರನ್ನು ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್‌ಗೆ ಕಳಿಸಲಾಯಿತು. 'ಟೈಗರ್ಸ್' ಅಂತ ಕರೆಸಿಕೊಳ್ಳುವ ಆ ಸ್ಕ್ವಾಡ್ರನ್ನಿನಲ್ಲಿ ಇದ್ದದ್ದು ಫ್ರಾನ್ಸಿನಿಂದ ತಂದ ಮಿಸ್ಟೇರ್ ವಿಮಾನಗಳು. ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಾಯುಪಡೆ ನಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡಿತು. ಮರುದಿನ ಬೆಳಕು ಹರಿಯುವ ಮೊದಲೇ ಸರ್ಗೋಧಾ ಮೇಲೆ ಪ್ರತಿದಾಳಿಗೆ 12 ಮಿಸ್ಟೇರ್‌ಗಳು ಸಿದ್ಧವಾದವು. ನಾಯಕ ವಿಂಗ್ ಕಮಾಂಡರ್ ಓ.ಪಿ. ತನೇಜಾ. ಆ 12 ಜನರಲ್ಲಿ ದೇವಯ್ಯ ಇರಲಿಲ್ಲ. ಯಾರದಾದರೂ ವಿಮಾನ ಕೈಕೊಟ್ಟರೆ ಜಾಗ ತುಂಬಲು ಕಾದಿರಿಸಿದ್ದ ಪೈಲಟ್ ಅವರು. ಒಂದು ವಿಮಾನ ಹಿಂದುಳಿಯಿತು, ದೇವಯ್ಯ ಹೊರಟರು.

ಅಲ್ಲಿ ಅವರ ಮಿಸ್ಟೇರ್‌ಗೆ ಎದುರಾದದ್ದು ಅಮೆರಿಕ ಪಾಕಿಸ್ತಾನಕ್ಕೆ ಕೊಟ್ಟಿದ್ದ ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗಬಲ್ಲ ವಿಮಾನ ಅದು. ಮಿಸ್ಟೇರ್‌ಗೆ ನೇರ ಹಾರಾಟದಲ್ಲಿ ಶಬ್ದದ ವೇಗ ದಾಟುವ ಶಕ್ತಿಯೂ ಇರಲಿಲ್ಲ. ಸ್ಟಾರ್‌ಫೈಟರ್‌ನಲ್ಲಿದ್ದ ಪೈಲಟ್ ಅಮ್ಜದ್ ಹುಸೇನ್, ದೇವಯ್ಯನವರ ವಿಮಾನಕ್ಕೆ ಗುಂಡು ಹೊಡೆದು, ಅದರ ಕಥೆ ಮುಗಿಯಿತು ಅಂದುಕೊಂಡು ಉಳಿದ ಭಾರತೀಯ ವಿಮಾನಗಳ ಬೆನ್ನು ಹತ್ತಿದರು. ಪೆಟ್ಟು ತಿಂದ ವಿಮಾನದಲ್ಲೇ ದೇವಯ್ಯ ಮತ್ತೆ ಮೇಲೆ ಬಿದ್ದರು. ಆ ಕಾದಾಟದಲ್ಲಿ ಸ್ಟಾರ್‌ಫೈಟರ್ ಉರುಳಿತು. ಅಮ್ಜದ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ದೇವಯ್ಯ ಬದುಕಲಿಲ್ಲ. ಕೊನೆಯ ಕ್ಷಣ ಹೇಗಿತ್ತು ಅನ್ನೋದರ ಬಗ್ಗೆ ಎರಡೂ ದೇಶಗಳು ಒಂದೇ ಕಥೆ ಹೇಳುವುದಿಲ್ಲ. ಅವರ ದೇಹವನ್ನು ಅಲ್ಲಿನ ಹಳ್ಳಿಯವರೇ ಹೊಲದಲ್ಲಿ ಮಣ್ಣು ಮಾಡಿದರು. ದೇವಯ್ಯನವರಿಗೆ ಆಗ 32 ವರ್ಷ.

ಈ ಕಡೆ ಯಾರಿಗೂ ಏನೂ ಗೊತ್ತಾಗಲಿಲ್ಲ. ಹೋದವರಲ್ಲಿ ಒಬ್ಬರು ಮರಳಲಿಲ್ಲ, ಅಷ್ಟೇ. ಎರಡು ವಾರದ ನಂತರ, ಸೆಪ್ಟೆಂಬರ್ 22ರಂದು, ಕೊಡಗಿನದೇ ಇನ್ನೊಬ್ಬ ಪೈಲಟ್‌ನ ವಿಮಾನ ಪಾಕಿಸ್ತಾನದ ಕಡೆ ಬಿತ್ತು. ಅವರು ಜನರಲ್ ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ. ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನ್ ಆಗ ಪಾಕಿಸ್ತಾನದ ಅಧ್ಯಕ್ಷ. ಮಗ ಸುರಕ್ಷಿತ ಅನ್ನುವ ಸುದ್ದಿ ಅಪ್ಪನಿಗೆ ಬೇಗನೇ ತಲುಪಿತು. ಮಗನನ್ನು ಮೊದಲೇ ಬಿಡಿಸಿಕೊಳ್ಳುವ ಅವಕಾಶವನ್ನು ಹಿರಿಯ ಕಾರ್ಯಪ್ಪ ಒಪ್ಪಲಿಲ್ಲ, ಎಲ್ಲ ಸೆರೆಯಾಳುಗಳ ಹಾಗೆ ಅವನೂ ಬರಲಿ ಅಂದರು. ಅದು ಅವರ ದೊಡ್ಡತನ. ನನ್ನ ಮಾತು ಬೇರೆ. ಒಂದೇ ಜಿಲ್ಲೆಯ ಇಬ್ಬರು ಪೈಲಟ್‌ಗಳಲ್ಲಿ ಒಬ್ಬರ ಸುದ್ದಿ ಬೇಗ ಬಂತು, ಇನ್ನೊಬ್ಬರ ಮನೆಯವರು ಏನಾಯಿತು ಅಂತ ತಿಳಿಯದೆ ವರ್ಷಗಟ್ಟಲೆ ಕಾದರು.

1971ರ ಯುದ್ಧದಲ್ಲಿ ಇದೇ ಅಮ್ಜದ್ ಹುಸೇನ್ ಭಾರತದ ಕೈಗೆ ಸಿಕ್ಕಿ ಸೆರೆಯಾಳಾಗಿದ್ದರು. ಆಗಲೂ ದೇವಯ್ಯನವರ ಕಡತ ಬದಲಾಗಲಿಲ್ಲ. ಕಡೆಗೆ ವಿಷಯ ಹೊರಬಂದದ್ದು 1979ರಲ್ಲಿ, ಪಾಕಿಸ್ತಾನದ ವಾಯುಪಡೆಯ ನೆರವಿನಿಂದ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ 1965ರ ಯುದ್ಧದ ಪುಸ್ತಕದಿಂದ. ಸ್ಟಾರ್‌ಫೈಟರ್ ಉರುಳಿಸಿದ ಮಿಸ್ಟೇರ್ ಯಾರದು ಅಂತ ಲೆಕ್ಕ ಹಾಕಿದಾಗ ಉಳಿದದ್ದು ಒಂದೇ ಹೆಸರು. ತನೇಜಾ ತಮ್ಮ ಪೈಲಟ್‌ಗೆ ಸಲ್ಲಬೇಕಾದ್ದು ಸಲ್ಲಲಿ ಅಂತ ವಾಯುಪಡೆಗೆ ಬರೆದರು. 1988ರಲ್ಲಿ, ಅಂದರೆ 23 ವರ್ಷ ಆದಮೇಲೆ, ಪತ್ನಿ ಸುಂದರಿ ದೇವಯ್ಯ ಅವರ ಕೈಗೆ ಮಹಾವೀರ ಚಕ್ರ ಬಂತು.

ದೇಶಭಕ್ತಿಯ ಹೆಸರಲ್ಲಿ ದಿನಾ ಕಿರುಚುವ ಚಾನೆಲ್‌ಗಳು ಇಷ್ಟಕ್ಕೇ ಕಥೆ ಮುಗಿಸುತ್ತವೆ. ನಾವು ಮುಗಿಸಬಾರದು. ಹೆಚ್ಚು ವೇಗದ ವಿಮಾನದ ಎದುರು, ಪೆಟ್ಟು ತಿಂದ ಯಂತ್ರದಲ್ಲಿ, ಇನ್ನೂ ಏನು ಸಾಧ್ಯ ಅಂತ ಅರಿಯುವ ಶಕ್ತಿ ಬರೀ ರಕ್ತದಿಂದ, ಜಾತಿಯಿಂದ, 'ಯೋಧರ ನಾಡು' ಅನ್ನುವ ಬಿರುದಿನಿಂದ ಬರುವುದಿಲ್ಲ. ಸಾವಿರಾರು ಗಂಟೆಗಳ ಹಾರಾಟದಿಂದ, ಅದರಲ್ಲೂ ಬೇರೆಯವರಿಗೆ ಹೇಳಿಕೊಡುವುದರಿಂದ ಬರುತ್ತದೆ. ಧೈರ್ಯಕ್ಕೂ ಪಠ್ಯಕ್ರಮವಿದೆ. ಆ ಪಠ್ಯಕ್ರಮಕ್ಕೆ ಯಾರು ದುಡ್ಡು ಕೊಡುತ್ತಾರೆ, ಯಾರಿಗೆ ಪ್ರವೇಶ ಸಿಗುತ್ತೆ ಅನ್ನೋದು ರಾಜಕೀಯ ಪ್ರಶ್ನೆ.

ಇವತ್ತಿನ ದಾರಿಗಳನ್ನೇ ನೋಡಿ. ವಾಯುಪಡೆಗೆ ಪಿಯುಸಿ ಆದವರು ಎನ್‌ಡಿಎ ಬರೆಯಬಹುದು, ಭೌತಶಾಸ್ತ್ರ ಮತ್ತು ಗಣಿತ ಇರಬೇಕು. ಡಿಗ್ರಿ ಆದವರಿಗೆ ಸಿಡಿಎಸ್ ಇದೆ, ಎಎಫ್‌ಕ್ಯಾಟ್ ಇದೆ. ಪಾಸಾದರೆ ಆಯ್ಕೆ ಮಂಡಳಿಯ ಸಂದರ್ಶನ, ಅಂಥದ್ದೊಂದು ಮಂಡಳಿ ನಮ್ಮ ಮೈಸೂರಿನಲ್ಲೇ ಇದೆ. ಜೊತೆಗೆ ಪೈಲಟ್ ಆಗುವ ಸಹಜ ಸಾಮರ್ಥ್ಯದ ಪರೀಕ್ಷೆ. ಅದನ್ನು ಜೀವನದಲ್ಲಿ ಒಂದೇ ಸಲ ಬರೆಯಬಹುದು, ಫೇಲಾದರೆ ವಾಯುಪಡೆಯ ಪೈಲಟ್ ಕನಸು ಅಲ್ಲಿಗೆ ಮುಗಿಯಿತು. ಆಮೇಲೆ ವೈದ್ಯಕೀಯ ತಪಾಸಣೆ, ಹೈದರಾಬಾದ್ ಬಳಿಯ ದುಂಡಿಗಲ್ ಅಕಾಡೆಮಿ. ಮುಂದೆ ಯುದ್ಧವಿಮಾನಕ್ಕೆ ಆಯ್ಕೆಯಾದವರು ಹಾಕ್ ವಿಮಾನದಲ್ಲಿ ಕಲಿಯಲು ಬೀದರಿಗೆ, ಸಾಗಣೆ ವಿಮಾನದವರು ಯಲಹಂಕಕ್ಕೆ. ಹುಡುಗಿಯರಿಗೆ ಯುದ್ಧವಿಮಾನದ ಬಾಗಿಲು ತೆರೆದದ್ದು 2016ರಲ್ಲಿ. ಎನ್‌ಡಿಎ ಬಾಗಿಲು ತೆರೆಯಲು ಸುಪ್ರೀಂ ಕೋರ್ಟೇ ಹೇಳಬೇಕಾಯಿತು, ಅದೂ 2021ರಲ್ಲಿ.

ಈ ದಾರಿಯಲ್ಲಿ ಕಲಿಯುವವರು ದುಡ್ಡು ಕಟ್ಟಬೇಕಿಲ್ಲ, ತರಬೇತಿಯ ಕೊನೆಯ ವರ್ಷ ತಿಂಗಳಿಗೆ 56,100 ರೂಪಾಯಿ ಭತ್ಯೆಯೂ ಸಿಗುತ್ತೆ. ದೇವಯ್ಯ ಹೋದ ದಾರಿ ಇದೇ. ಆದರೆ ಬಾಗಿಲಲ್ಲೇ ಒಂದು ತಡೆ ಇದೆ. ಎನ್‌ಡಿಎ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ, ಎಎಫ್‌ಕ್ಯಾಟ್ ಬರೀ ಇಂಗ್ಲಿಷಿನಲ್ಲಿ. ಪೈಲಟ್‌ಗೆ ಇಂಗ್ಲಿಷ್ ಬೇಕೇ ಬೇಕು, ರೇಡಿಯೋದಲ್ಲಿ ಮಾತಾಡೋದೇ ಆ ಭಾಷೆಯಲ್ಲಿ. ಅದನ್ನು ಅಕಾಡೆಮಿಯಲ್ಲಿ ಕಲಿಸಬಹುದು. ಆದರೆ ಗಣಿತದ ಲೆಕ್ಕವನ್ನು ಹಿಂದಿ ಹುಡುಗ ತನ್ನ ಭಾಷೆಯಲ್ಲಿ ಓದಬಹುದಾದರೆ ಸೋಮವಾರಪೇಟೆಯ ಹುಡುಗಿ ಯಾಕೆ ಓದಬಾರದು?

ನಾಗರಿಕ ವಿಮಾನದ ದಾರಿಯಲ್ಲಿ ತಡೆ ಇನ್ನೂ ನೇರ, ಅದು ದುಡ್ಡು. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು, ಡಿಜಿಸಿಎ ನಡೆಸುವ ಹವಾಮಾನ, ನ್ಯಾವಿಗೇಷನ್, ವಾಯುಯಾನ ನಿಯಮಗಳ ಪರೀಕ್ಷೆ ಪಾಸಾಗಬೇಕು, 200 ಗಂಟೆ ಹಾರಿರಬೇಕು. ಆ 200 ಗಂಟೆಯ ಖರ್ಚು ಮನೆಯವರ ತಲೆ ಮೇಲೆ. ಅರ್ಧ ಕೋಟಿ ರೂಪಾಯಿ ಅಂದರೂ ಕಮ್ಮಿಯೇ. ದೊಡ್ಡ ವಿಮಾನ ಓಡಿಸಲು ಬೇಕಾದ ಟೈಪ್ ರೇಟಿಂಗ್ ಅದಕ್ಕೆ ಸೇರಿಲ್ಲ. ತೋಟ ಅಡವಿಟ್ಟು ಮಗನನ್ನು ಹಾರಿಸುವವರು ಇದ್ದಾರೆ. ಅಡವಿಡಲು ಏನೂ ಇಲ್ಲದವರ ಮಕ್ಕಳು ಫಾರ್ಮ್‌ನ್ನೇ ತುಂಬುವುದಿಲ್ಲ, ಹಾಗಾಗಿ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಇಂಥ ಹೊತ್ತಲ್ಲಿ ಜಕ್ಕೂರಿನ ಸರ್ಕಾರಿ ಶಾಲೆ ನೆನಪಾಗಬೇಕು. ಬೆಂಗಳೂರಿನ ರಿಯಲ್ ಎಸ್ಟೇಟ್ ಕಣ್ಣಿಗೆ ಅದು ಬೆಲೆಬಾಳುವ ಖಾಲಿ ಜಾಗ. ನನ್ನ ಕಣ್ಣಿಗೆ ಅದು ಬಡವರ ಮಕ್ಕಳಿಗೂ ಹಾರಲು ಕಲಿಸಬಲ್ಲ ಸಾರ್ವಜನಿಕ ಶಾಲೆ. ಅಲ್ಲಿ ಪೂರ್ತಿ ಶುಲ್ಕ ಭರಿಸುವ ಸೀಟುಗಳನ್ನು ಹೆಚ್ಚಿಸಿ ಅಂತ ನಾವು ಕೇಳಬೇಕು. ಅದಕ್ಕಿಂತ ಮೊದಲು ಬೋಧಕರನ್ನು ಕೇಳಬೇಕು. ವಿಮಾನ ಖರೀದಿಸಿದ ಫೋಟೊ ಪತ್ರಿಕೆಗೆ ಬರುತ್ತದೆ, ಇನ್‌ಸ್ಟ್ರಕ್ಟರ್ ನೇಮಕದ ಸುದ್ದಿ ಯಾರೂ ಹಾಕುವುದಿಲ್ಲ. ಆದರೆ ಕಲಿಸುವವರಿಲ್ಲದ ಹಾರಾಟ ಶಾಲೆಯಲ್ಲಿ ವಿಮಾನ ಹ್ಯಾಂಗರ್‌ನಲ್ಲಿ ಧೂಳು ತಿನ್ನುತ್ತದೆ. ಒಳ್ಳೆಯ ಪೈಲಟ್‌ಗಳನ್ನು ಹೆಚ್ಚು ಸಂಬಳ ಕೊಡುವ ಏರ್‌ಲೈನ್‌ಗಳು ಎಳೆದುಕೊಳ್ಳುತ್ತವೆ. ಸರ್ಕಾರ ಬೋಧಕರಿಗೆ ಮರ್ಯಾದೆಯ ಸಂಬಳ ಕೊಡದಿದ್ದರೆ ಸೀಟು, ಮೀಸಲಾತಿ, ವಿದ್ಯಾರ್ಥಿವೇತನ ಎಲ್ಲ ಕಾಗದದ ಮೇಲೇ ಉಳಿಯುತ್ತವೆ.

ದೇವಯ್ಯನವರಿಗೆ ಪದಕ ಕೊಡಲು ಈ ದೇಶಕ್ಕೆ 23 ವರ್ಷ ಬೇಕಾಯಿತು, ಅದೂ ಎದುರಾಳಿಯ ಕಡೆಯವರು ಸತ್ಯ ಒಪ್ಪಿಕೊಂಡ ಮೇಲೆ. ಅವರೊಳಗಿನ ಮೇಷ್ಟ್ರಿಗೆ ಸಲ್ಲಬೇಕಾದ ಗೌರವ ಇನ್ನೂ ಬಾಕಿಯಿದೆ. ಅದನ್ನು ಇನ್ನೊಂದು ಪ್ರತಿಮೆ ನಿಲ್ಲಿಸಿ ತೀರಿಸಲಾಗದು. ಕಲಿಸುವವರನ್ನು ನೇಮಿಸಿ, ಕಲಿಯುವವರ ಶುಲ್ಕ ಕಟ್ಟಿ, ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಕೊಟ್ಟು ತೀರಿಸಬೇಕು. ಮುಂದಿನ ಸಲ ನಿಮ್ಮ ಶಾಸಕರೋ ಸಂಸದರೋ ಏರೋ ಇಂಡಿಯಾದಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಸೆಲ್ಫಿ ತೆಗೆದರೆ, ಅದರ ಕೆಳಗೆ ಈ ಮೂರು ಪ್ರಶ್ನೆ ಹಾಕಿ.