ದಿನ ಎಣಿಸಿದ ಹಳ್ಳಿಯ ವೈದ್ಯ

ನಿಮ್ಮ ತರಗತಿಯಲ್ಲಿ ಯಾರಿಗಾದರೂ ಮಂಗನಬಾವು ಬಂದದ್ದು ನೆನಪಿದೆಯೇ? ಕೆನ್ನೆ ಊದಿಸಿಕೊಂಡ ಗೆಳೆಯ ಕೆಲವು ದಿನ ಶಾಲೆಗೆ ಬರುವುದಿಲ್ಲ. ಅವನು ಗುಣವಾಗಿ ಮರಳಿ ಬಂದು, ಎಲ್ಲರೂ ಆ ವಿಷಯ ಮರೆತ ಹೊತ್ತಿಗೆ, ಅವನ ಪಕ್ಕದಲ್ಲಿ ಕೂರುತ್ತಿದ್ದ ಇನ್ನಿಬ್ಬರ ಕೆನ್ನೆ ಊದುತ್ತದೆ. ಈ ನಡುವಿನ ದಿನಗಳಲ್ಲಿ ರೋಗ ಎಲ್ಲಿ ಅಡಗಿತ್ತು?

ಈ ಪ್ರಶ್ನೆಯ ಬೆನ್ನು ಹತ್ತಿದ ಹಳ್ಳಿಯ ವೈದ್ಯರೊಬ್ಬರ ಕಥೆ ಕೇಳಿ. ಅವರ ಹೆಸರು ವಿಲಿಯಂ ನಾರ್ಮನ್ ಪಿಕಲ್ಸ್. ಇಂಗ್ಲಿಷಿನಲ್ಲಿ ಪಿಕಲ್ಸ್ ಎಂದರೆ ಉಪ್ಪಿನಕಾಯಿ! ನಗು ಬಂದರೆ ನಕ್ಕುಬಿಡಿ, ಆಮೇಲೆ ಮುಂದೆ ಓದಿ.

ಪಿಕಲ್ಸ್ ಹುಟ್ಟಿದ್ದು 1885ರಲ್ಲಿ, ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ. ತಂದೆ ವೈದ್ಯರು. ಮಗನೂ ಅದೇ ಊರಿನಲ್ಲಿ ವೈದ್ಯ ವಿದ್ಯೆ ಕಲಿತ. ಆದರೆ ನಗರದಲ್ಲಿ ನಿಲ್ಲಲಿಲ್ಲ. 1913ರಲ್ಲಿ ಗೆಳೆಯರೊಬ್ಬರ ಜೊತೆ ಸೇರಿ ಏಸ್‌ಗಾರ್ತ್ ಎಂಬ ಹಳ್ಳಿಯಲ್ಲಿ ಚಿಕಿತ್ಸೆ ಕೊಡಲು ಆರಂಭಿಸಿದರು. ಮೊದಲ ಮಹಾಯುದ್ಧದ ಸಮಯದಲ್ಲಿ ನೌಕಾಪಡೆಯಲ್ಲಿ ವೈದ್ಯರಾಗಿದ್ದದ್ದು ಬಿಟ್ಟರೆ, 1964ರಲ್ಲಿ ನಿವೃತ್ತರಾಗುವವರೆಗೂ ಅದೇ ಅವರ ಊರು.

ಏಸ್‌ಗಾರ್ತ್ ಇರುವುದು ಯಾರ್ಕ್‌ಶೈರ್ ಪ್ರದೇಶದ ವೆನ್ಸ್‌ಲಿಡೇಲ್ ಕಣಿವೆಯಲ್ಲಿ. ಸುತ್ತ ಗುಡ್ಡಗಳು, ಕುರಿ ಮೇಯುವ ಹುಲ್ಲುಗಾವಲು, ಕಲ್ಲಿನ ಮನೆಗಳ ಪುಟ್ಟ ಪುಟ್ಟ ಹಳ್ಳಿಗಳು. ಅಲ್ಲಿನ ಬಹುತೇಕ ಎಲ್ಲರನ್ನೂ ಪಿಕಲ್ಸ್ ಹೆಸರು ಹಿಡಿದು ಕರೆಯಬಲ್ಲವರಾಗಿದ್ದರು. ಯಾರ ಮಗ ಯಾರು, ಯಾರ ಮನೆಗೆ ಯಾವ ನೆಂಟರು ಬಂದರು ಎಂಬುದೂ ಅವರಿಗೆ ತಿಳಿಯುತ್ತಿತ್ತು.

ಅವರ ಬಳಿಗೆ ಬರುತ್ತಿದ್ದ ಮಕ್ಕಳ ಕಾಯಿಲೆಗಳು ನಿಮಗೆ ಹೊಸವಲ್ಲ: ದಡಾರ, ಮಂಗನಬಾವು, ಸೀತಾಳೆ ಸಿಡುಬು, ನಾಯಿಕೆಮ್ಮು. ಇಂದು ಪುಟ್ಟ ಮಕ್ಕಳಿಗೆ ಹಾಕುವ ದಡಾರದ ಲಸಿಕೆ ಆಗ ಇರಲಿಲ್ಲ. ದಡಾರದ ಜ್ವರ ಶ್ವಾಸಕೋಶಕ್ಕೆ ಇಳಿದರೆ ಮಗು ಸತ್ತೇಹೋಗಬಹುದಿತ್ತು. ರೋಗವನ್ನು ಹೊಡೆದೋಡಿಸುವ ಔಷಧಿ ವೈದ್ಯರ ಚೀಲದಲ್ಲಿ ಇರಲಿಲ್ಲ. ಹಾಗಾದರೆ ವೈದ್ಯರಿಗೆ ಏನು ಮಾಡಲು ಸಾಧ್ಯವಿತ್ತು?

1926ರಲ್ಲಿ ಪಿಕಲ್ಸ್ ಒಂದು ಪುಸ್ತಕ ಓದಿದರು. ಹೃದಯದ ಕಾಯಿಲೆಗಳ ಬಗ್ಗೆ ಅದನ್ನು ಬರೆದವರು ಜೇಮ್ಸ್ ಮೆಕೆಂಜಿ. ಅವರೂ ಬಹುಕಾಲ ಸಾಮಾನ್ಯ ವೈದ್ಯರಾಗಿದ್ದವರೇ. ಹೊಸ ವಿಷಯ ಕಂಡುಹಿಡಿಯಲು ದೊಡ್ಡ ಆಸ್ಪತ್ರೆಯೇ ಬೇಕಿಲ್ಲ ಎಂಬುದು ಪಿಕಲ್ಸ್‌ಗೆ ಮನದಟ್ಟಾಯಿತು.

ಮೂರು ವರ್ಷಗಳ ಬಳಿಕ, 1929ರಲ್ಲಿ, ಕಣಿವೆಗೆ ಕಾಮಾಲೆ ನುಗ್ಗಿತು. ಸುಮಾರು 5,700 ಜನರಿದ್ದ ಜಾಗದಲ್ಲಿ ಸುಮಾರು 250 ಮಂದಿ ಹಾಸಿಗೆ ಹಿಡಿದರು. ಕಣ್ಣು, ಚರ್ಮ ಹಳದಿ. ಊಟ ಸೇರದು. ಪಿತ್ತನಾಳದಲ್ಲಿ ಲೋಳೆ ಕಟ್ಟಿಕೊಂಡು ಈ ಕಾಯಿಲೆ ಬರುತ್ತದೆ ಎಂದು ವೈದ್ಯರು ಬಹಳ ಕಾಲ ನಂಬಿದ್ದರು. ಹಾಗಿದ್ದರೆ ಇಷ್ಟೊಂದು ಜನರಿಗೆ ಒಟ್ಟೊಟ್ಟಿಗೆ ಏಕೆ ಬರಬೇಕು?

ಆ ಹಾವಳಿಯಲ್ಲಿ ಒಬ್ಬ ಹುಡುಗಿ ಇದ್ದಳು. ಊರ ಜಾತ್ರೆಯಂಥ ಒಂದು ಉತ್ಸವದ ದಿನ ಬೆಳಿಗ್ಗೆ ಪಿಕಲ್ಸ್ ಅವಳನ್ನು ಹಾಸಿಗೆಯಲ್ಲಿ ಕಂಡು ಬಂದಿದ್ದರು. ಅವಳು ಎದ್ದು ಹೊರಗೆ ಹೋದಾಳೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಆದರೆ ಉತ್ಸವದ ಆಸೆ ನೋಡಿ, ಮಲಗಲು ಬಿಡಬೇಕಲ್ಲ! ಮಧ್ಯಾಹ್ನ ಅವಳು ಅಲ್ಲಿ ಹಾಜರ್. ಸುಮಾರು ಒಂದು ತಿಂಗಳು ಕಳೆದಾಗ, ಅಂದು ಅವಳೊಡನೆ ಬೆರೆತವರಲ್ಲಿ ಹಲವರ ಕಣ್ಣು ಹಳದಿಯಾಯಿತು. ಬೇರೆ ರೋಗಿಗಳನ್ನೂ ಹೀಗೆಯೇ ವಿಚಾರಿಸಿ ಪಿಕಲ್ಸ್ ದಿನ ಎಣಿಸಿದರು. ರೋಗಿಯ ಸಂಪರ್ಕಕ್ಕೆ ಬಂದ ದಿನದಿಂದ ಕಾಮಾಲೆ ಕಾಣಿಸಲು 26ರಿಂದ 35 ದಿನ ಹಿಡಿಯುತ್ತಿತ್ತು. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೆಂದು ಸ್ಪಷ್ಟವಾಯಿತು. 1930ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಬಿತ್ತಿದ ಕಾಳು ಮಾರನೆಯ ದಿನವೇ ತಲೆಯೆತ್ತುವುದಿಲ್ಲ, ಅಲ್ಲವೇ? ರೋಗಾಣುವೂ ಹಾಗೆಯೇ. ದೇಹ ಹೊಕ್ಕ ಮೇಲೆ ಸದ್ದಿಲ್ಲದೆ ಬೆಳೆಯುತ್ತದೆ. ಈ ಅವಧಿಯನ್ನು ಸುಪ್ತಕಾಲ ಎನ್ನೋಣ. ದಡಾರದಲ್ಲಿ ಗುಳ್ಳೆ ಏಳಲು ಸುಮಾರು 14 ದಿನ ಬೇಕು. ಮಂಗನಬಾವಿಗೆ ಸಾಮಾನ್ಯವಾಗಿ 16ರಿಂದ 18 ದಿನ. ಇದನ್ನು ನಗರದಲ್ಲಿ ಅಳೆಯುವುದು ಕಷ್ಟ. ಬಸ್ಸಿನಲ್ಲಿ, ಸಂತೆಯಲ್ಲಿ ದಿನಕ್ಕೆ ನೂರಾರು ಅಪರಿಚಿತರು ಮೈಗೆ ಮೈ ತಾಗಿಸುವಾಗ ರೋಗ ಯಾರಿಂದ ಬಂತೆಂದು ಹೇಳುವುದು ಹೇಗೆ? ಕಣಿವೆಯಲ್ಲಿ ಹಾಗಲ್ಲ. ಒಬ್ಬ ಹುಡುಗ ಇನ್ನೊಂದು ಹಳ್ಳಿಗೆ ಒಂದೇ ಒಂದು ಮಧ್ಯಾಹ್ನ ಹೋಗಿ ಬಂದಿದ್ದರೆ ಆ ದಿನಾಂಕ ಸಿಕ್ಕಿಬಿಡುತ್ತದೆ.

ಯಾವ ಊರಿನಲ್ಲಿ, ಯಾವ ದಿನ, ಯಾವ ಕಾಯಿಲೆ ಎಂಬುದನ್ನು ಪಿಕಲ್ಸ್ ವರ್ಷಗಟ್ಟಲೆ ದಾಖಲೆ ಮಾಡಿದರು. ಪಟ್ಟಿ ತುಂಬಲು ಹೆಂಡತಿ ಗರ್ಟ್ರೂಡ್, ಮುಂದೆ ಮಗಳು ಪೇಷನ್ಸ್ ನೆರವಾದರು. ಪೇಷನ್ಸ್ ಎಂದರೆ ತಾಳ್ಮೆ. ಆ ಕೆಲಸಕ್ಕೆ ತಕ್ಕ ಹೆಸರು!

ದಿನ ಎಣಿಸಿದರೆ ಮಕ್ಕಳಿಗೇನು ಲಾಭ? ದಡಾರ ಗುಳ್ಳೆ ಏಳುವ ಸುಮಾರು ನಾಲ್ಕು ದಿನ ಮೊದಲೇ ಬೇರೆಯವರಿಗೆ ಹರಡತೊಡಗುತ್ತದೆ. ಆಗ ಅದು ಬರೀ ನೆಗಡಿಯಂತೆ ಕಾಣುತ್ತದೆ. ಮಗು ಯಾವ ದಿನ ರೋಗಿಯ ಬಳಿ ಇತ್ತೆಂದು ಗೊತ್ತಿದ್ದರೆ, ಯಾವ ದಿನಗಳಲ್ಲಿ ಶಾಲೆ ಬಿಡಿಸಬೇಕೆಂದು ಮೊದಲೇ ಹೇಳಬಹುದು. ದಡಾರದಿಂದ ಗುಣವಾದವರ ರಕ್ತದಿಂದ ತೆಗೆದ ಸೀರಂ ಅನ್ನು ಎಳೆಯ ಮಕ್ಕಳಿಗೆ ಚುಚ್ಚಿ ಕಾಪಾಡುವ ಪದ್ಧತಿಯೂ ಆಗ ಇತ್ತು. ಅದನ್ನು ರೋಗ ತಾಗಿದ ಮೊದಲ ಕೆಲವು ದಿನಗಳಲ್ಲೇ ಕೊಡಬೇಕು, ತಡವಾದರೆ ಪ್ರಯೋಜನವಿಲ್ಲ.

1939ರಲ್ಲಿ ಪಿಕಲ್ಸ್ ತಮ್ಮ ದಾಖಲೆಗಳನ್ನೆಲ್ಲ ಸೇರಿಸಿ ಹಳ್ಳಿಯ ವೈದ್ಯರ ಕಣ್ಣಿಗೆ ಬಿದ್ದ ಸಾಂಕ್ರಾಮಿಕ ರೋಗಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ದೊಡ್ಡ ನಗರಗಳ ತಜ್ಞರೂ ಅದನ್ನು ತರಿಸಿ ಓದಿದರು. ಬ್ರಿಟನ್ನಿನ ಸಾಮಾನ್ಯ ವೈದ್ಯರು ತಮ್ಮದೇ ಕಾಲೇಜು ಕಟ್ಟಿಕೊಂಡಾಗ, 1953ರಲ್ಲಿ ಅದರ ಮೊದಲ ಅಧ್ಯಕ್ಷರಾಗಿ ಆರಿಸಿದ್ದು ಏಸ್‌ಗಾರ್ತ್‌ನ ಈ ವೈದ್ಯರನ್ನೇ.

ಪಿಕಲ್ಸ್ 1969ರಲ್ಲಿ ತೀರಿಕೊಂಡರು. ಇಂಥ ಕಾಮಾಲೆ ತರುವ ಹೆಪಟೈಟಿಸ್-ಎ ವೈರಸ್ಸನ್ನು ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಗುರುತಿಸಿದ್ದು 1973ರಲ್ಲಿ. ಕೊಳೆತ ನೀರು, ತೊಳೆಯದ ಕೈಗಳ ಮೂಲಕ ಹೊಟ್ಟೆ ಸೇರುವ ಆ ವೈರಸ್ಸಿನ ಸುಪ್ತಕಾಲ ಸರಾಸರಿ 28 ದಿನ.